ಒಂದು ಚಾಪೆಯ ಜಾಗದಲ್ಲಿ ಬಡಗಿ ಕೆಲಸ



ಮರಗೆಲಸ ಕಲಿಯಬೇಕೆಂಬ ಆಸೆ ಇರುವವರ ಸಂಖ್ಯೆ ಕಡಿಮೆಯೇನಲ್ಲ. ಊರಿನ ಮನೆಯಲ್ಲಿ ಆಚಾರಿಗಳು ಬಾಗಿಲು ಕೆತ್ತುವುದನ್ನು ಬಾಲ್ಯದಲ್ಲಿ ಗಂಟೆಗಟ್ಟಲೆ ನೋಡುತ್ತ ಕೂತವರು, ಬ್ಯಾಂಕಿನ ಲೆಕ್ಕಪತ್ರಗಳಿಂದ ಬಿಡುವಾದ ಮೇಲೆ ಕೈಗೊಂದು ಕೆಲಸ ಬೇಕೆನ್ನುವವರು, ಮಗುವಿಗೆ ತಾವೇ ಒಂದು ಆಟದ ಬಂಡಿ ಮಾಡಿಕೊಡಬೇಕೆಂದುಕೊಂಡವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: “ಆಸೆಯೇನೋ ಇದೆ, ಜಾಗ ಎಲ್ಲಿದೆ?”

ಈ ಪ್ರಶ್ನೆಯಲ್ಲಿ ಸತ್ಯವಿಲ್ಲದೆ ಇಲ್ಲ. ಬೆಂಗಳೂರಿನಲ್ಲಿ 20x30 ಅಡಿಯ ನಿವೇಶನ ಎಂದರೆ ಒಟ್ಟು 600 ಚದರ ಅಡಿ. ಅದರಲ್ಲಿ ಮೆಟ್ಟಿಲು, ಸ್ಕೂಟರ್ ನಿಲ್ಲಿಸುವ ಜಾಗ, ನೀರಿನ ತೊಟ್ಟಿ ಎಲ್ಲವನ್ನೂ ಕಳೆದು ಉಳಿದದ್ದರಲ್ಲಿ ನಾಲ್ಕೈದು ಜನ ಉಣ್ಣಬೇಕು, ಮಲಗಬೇಕು, ಓದಬೇಕು. ಅಪಾರ್ಟ್‌ಮೆಂಟಿನ ಮನೆಯಾದರೆ ಕೆಳಗೊಬ್ಬರು, ಮೇಲೊಬ್ಬರು, ಗೋಡೆಯಾಚೆ ಮತ್ತೊಬ್ಬರು. ಇಂಥಲ್ಲಿ ಉಳಿ, ಗರಗಸದ ಮಾತೆತ್ತಿದರೆ ಮನೆಯವರು ನಗುವುದು ಸಹಜ.

ಆದರೆ ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಮರಗೆಲಸಕ್ಕೆ ಪ್ರತ್ಯೇಕವಾದ ಒಂದು ಕೋಣೆ, ಅದರ ನಡುವೆ ಭಾರವಾದ ಮೇಜು, ಗೋಡೆಯ ತುಂಬ ಯಂತ್ರಗಳು ಬೇಕೇ ಬೇಕು ಎಂಬ ಕಲ್ಪನೆ ಎಲ್ಲಿಂದ ಬಂತು? ಇತಿಹಾಸವನ್ನು ನೋಡಿದರೆ ಜಗತ್ತಿನ ಬಹುಪಾಲು ಮರಗೆಲಸ ನಡೆದದ್ದು ದೊಡ್ಡ ಕಾರ್ಯಾಗಾರಗಳಲ್ಲಲ್ಲ, ಮನುಷ್ಯರು ವಾಸಿಸುವ ಸಣ್ಣ ಮನೆಗಳಲ್ಲಿ ಮತ್ತು ಅವುಗಳ ಅಂಚಿನಲ್ಲಿ.

ನೆಲವೇ ಮೇಜು, ಕಾಲೇ ಇಕ್ಕಳ

ನಮ್ಮ ನಾಡಿನ ಬಡಗಿ ತಲೆತಲಾಂತರದಿಂದ ನೆಲದ ಮೇಲೆ ಕೂತು ಕೆಲಸ ಮಾಡಿದವನು. ಹಲಗೆಯನ್ನು ಪಾದಗಳ ನಡುವೆ ಹಿಡಿದು, ಹಿಮ್ಮಡಿಯಿಂದ ಒತ್ತಿ, ಮೊಣಕಾಲಿನಿಂದ ಅದುಮಿ, ಎರಡೂ ಕೈಗಳನ್ನು ಹತಾರಗಳಿಗೆ ಬಿಟ್ಟುಕೊಟ್ಟವನು. ಹದಿನೆಂಟು-ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿ ಸರಕಾರದ ಅಧಿಕಾರಿಗಳಿಗಾಗಿ ಭಾರತೀಯ ಚಿತ್ರಕಾರರು ಬರೆದ ಕಸುಬುದಾರರ ಚಿತ್ರಗಳಲ್ಲಿ ಬಡಗಿ ಕಾಣಿಸಿಕೊಳ್ಳುವುದು ಹೀಗೆಯೇ. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮ ಕೆತ್ತನೆ ಮಾಡಿದ್ದೂ ನೆಲದ ಮೇಲೆ ಕೂತೇ.

ಇದನ್ನು ಬಡತನದ ಲಕ್ಷಣವೆಂದು ತಿಳಿಯಬೇಕಾಗಿಲ್ಲ. ಇದರ ಹಿಂದೆ ಸರಳವಾದ ಲೆಕ್ಕವಿದೆ. ನಿಂತು ಹತ್ತರಿ ತಳ್ಳುವಾಗ ತಳ್ಳಿದ ಬಲವೆಲ್ಲ ಮೇಜಿಗೆ ಹೋಗುತ್ತದೆ. ಮೇಜು ಹಗುರವಾಗಿದ್ದರೆ ಅದೇ ಜಾರುತ್ತದೆ; ಆದ್ದರಿಂದ ಮೇಜು ಭಾರವಾಗಿರಬೇಕು, ಭಾರದ ಮೇಜಿಗೆ ಕಾಯಂ ಜಾಗ ಬೇಕು. ನೆಲ ಜಾರುವುದಿಲ್ಲ. ಕೂತವನ ಮೈಭಾರವೇ ಹಲಗೆಯನ್ನು ಹಿಡಿದಿಡುತ್ತದೆ. ಕೆಲಸ ಮುಗಿದ ಮೇಲೆ ಎದ್ದು ಗುಡಿಸಿದರೆ ಕಾರ್ಯಾಗಾರ ಮಾಯವಾಗಿ ಅಲ್ಲಿ ಮತ್ತೆ ಮನೆ ಇರುತ್ತದೆ.

ಜಪಾನಿನ ಬಡಗಿಗಳೂ ಇದೇ ದಾರಿ ಹಿಡಿದವರು. ಅಲ್ಲಿಯ ಗರಗಸ ಮುಂದಕ್ಕೆ ತಳ್ಳಿದಾಗಲ್ಲ, ತನ್ನೆಡೆಗೆ ಎಳೆದುಕೊಂಡಾಗ ಕೊಯ್ಯುತ್ತದೆ. ಎಳೆಯುವಾಗ ಅಲಗು ಬಾಗುವುದಿಲ್ಲವಾದ್ದರಿಂದ ಅದನ್ನು ತೆಳ್ಳಗೆ ಮಾಡಬಹುದು. ತೆಳ್ಳಗಾದಷ್ಟೂ ಕೊಯ್ಯಲು ಬೇಕಾಗುವ ಬಲ ಕಡಿಮೆ, ಬೀಳುವ ಹೊಟ್ಟೂ ಕಡಿಮೆ. ಅವರ ಹತ್ತರಿಯೂ ಎಳೆಯುವಂಥದೇ. ಟೋಕಿಯೊ ನಗರಕ್ಕೆ ಎಡೊ ಎಂಬ ಹೆಸರಿದ್ದ ಕಾಲದಲ್ಲಿ ಅಲ್ಲಿನ ಶ್ರಮಿಕರು ವಾಸಿಸುತ್ತಿದ್ದ ಸಾಲುಮನೆಗಳಿಗೆ ‘ನಾಗಾಯಾ’ ಎನ್ನುತ್ತಿದ್ದರು. ಬೆಂಗಳೂರು, ಮೈಸೂರಿನ ವಠಾರಗಳನ್ನು ನೋಡಿದವರಿಗೆ ಇವು ಅಪರಿಚಿತವೆನಿಸಲಾರವು. ಒಂದು ಸಂಸಾರಕ್ಕೆ ಸಿಗುತ್ತಿದ್ದ ಸಾಮಾನ್ಯ ಅಳತೆ ಸುಮಾರು 9 ಅಡಿ ಅಗಲ, 12 ಅಡಿ ಉದ್ದ. ಅಷ್ಟರಲ್ಲೇ ಒಲೆ, ಹಾಸಿಗೆ, ಮಕ್ಕಳು. ಹೊರಗೆ ಹೋಗಿ ಮನೆ ಕಟ್ಟುವ ಕಸುಬುದಾರರು ಒಂದು ಬಗೆಯಾದರೆ, ಮನೆಯಲ್ಲೇ ಕೂತು ಪೆಟ್ಟಿಗೆ, ಸಂದೂಕ, ಸಣ್ಣ ಕಪಾಟು ಮಾಡುವವರು ಇನ್ನೊಂದು ಬಗೆ. ಎರಡಕ್ಕೂ ಬೇರೆ ಬೇರೆ ಹೆಸರೇ ಇತ್ತು. ಮೊಳೆಯಿಲ್ಲದೆ ಕಚ್ಚಿನಿಂದಲೇ ಕೂಡಿಸಿದ ಎಡೊ ಕಾಲದ ಪೀಠೋಪಕರಣಗಳನ್ನು ಇಂದು ಜಗತ್ತು ಮೆಚ್ಚಿ ನೋಡುತ್ತದೆ. ಅವುಗಳ ಹಿಂದಿರುವುದು ಇಂಥ ಇಕ್ಕಟ್ಟಾದ ಬದುಕು.

ಎತ್ತರದ ಮೇಜು ಬಂದ ಕಥೆ

ಹಾಗಾದರೆ ದೊಡ್ಡ ಮೇಜಿನ ಕಲ್ಪನೆ? ಅದು ಯೂರೋಪಿನದು. ಆದರೆ ಯೂರೋಪಿನಲ್ಲೂ ಅದು ಮೊದಲಿನಿಂದ ಇದ್ದದ್ದಲ್ಲ. ಜರ್ಮನಿಯ ಸಾಲ್‌ಬುರ್ಗ್ ಎಂಬಲ್ಲಿನ ರೋಮನ್ ಕೋಟೆಯಲ್ಲಿ ಸಿಕ್ಕ ಬಡಗಿಯ ಮೇಜು ಮೊಣಕಾಲಿನ ಎತ್ತರದ್ದು. ಕುದುರೆಯ ಮೇಲೆ ಕೂತ ಹಾಗೆ ಅದರ ಮೇಲೆ ಕೂತು, ಇಲ್ಲವೆ ಮೊಣಕಾಲೂರಿ ಕೆಲಸ ಮಾಡುತ್ತಿದ್ದರು. ಫ್ರಾನ್ಸಿನ ಬಡಗಿ ಆಂದ್ರೆ ರೂಬೊ 1769ರಿಂದ ಪ್ರಕಟಿಸಿದ ಮಹಾಗ್ರಂಥದಲ್ಲಿ ಬರುವ ಮೇಜು ಇದಕ್ಕೆ ತೀರ ಭಿನ್ನ: ದಪ್ಪ ಹಲಗೆ, ದಪ್ಪ ಕಾಲು, ನಿಂತು ಕೆಲಸ ಮಾಡುವ ಎತ್ತರ. ಅದು ದಿನವಿಡೀ ಬಾಗಿಲು, ಕಿಟಕಿ, ಗೋಡೆಗಳ ಹಲಗೆ ಹೊದಿಕೆ ತಯಾರಿಸುತ್ತಿದ್ದ ವೃತ್ತಿಪರರ ಅಂಗಡಿಗೆ ಹೇಳಿಮಾಡಿಸಿದ ಮೇಜು. ಹವ್ಯಾಸಿಗಾಗಿ ಮಾಡಿದ್ದಲ್ಲ.

ಮರಗೆಲಸ ಹವ್ಯಾಸವೂ ಶಿಕ್ಷಣವೂ ಆಗಬಹುದೆಂದು ತೋರಿಸಿದ್ದು ಉತ್ತರ ಯೂರೋಪಿನ ರೈತರ ಮನೆಗಳು. ದೀರ್ಘವಾದ ಚಳಿಗಾಲದ ರಾತ್ರಿಗಳಲ್ಲಿ ಬೆಂಕಿಯ ಪಕ್ಕ ಕೂತು, ಒಂದೇ ಒಂದು ಚಾಕುವಿನಿಂದ ಚಮಚ, ಬಟ್ಟಲು, ಹಿಡಿಕೆಗಳನ್ನು ಕೆತ್ತುವ ಅಭ್ಯಾಸಕ್ಕೆ ‘ಸ್ಲಾಯ್ಡ್’ ಎಂದು ಹೆಸರು. ಫಿನ್ಲೆಂಡಿನ ಉನೊ ಸಿಗ್ನೇಯಸ್ ಎಂಬ ಶಿಕ್ಷಣತಜ್ಞರ ಪ್ರಯತ್ನದಿಂದ 1866ರಲ್ಲಿ ಕೈಕೆಲಸ ಅಲ್ಲಿನ ಜನಪದ ಶಾಲೆಗಳ ಪಾಠಕ್ರಮದ ಭಾಗವಾಯಿತು. ಸ್ವೀಡನ್ನಿನ ನ್ಯಾಸ್ ಎಂಬಲ್ಲಿ ಓಟ್ಟೊ ಸಾಲೊಮನ್ ಇದಕ್ಕೆಂದೇ ಶಿಕ್ಷಕರನ್ನು ತರಬೇತುಗೊಳಿಸಿದರು. ಅವರ ಪಾಠ ಶುರುವಾಗುತ್ತಿದ್ದದ್ದು ಯಂತ್ರದಿಂದಲ್ಲ, ಚಾಕುವಿನಿಂದ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಚಿತ್ರ ಬದಲಾಯಿತು. ನಗರದಾಚೆಯ ಬಡಾವಣೆಗಳಲ್ಲಿ ಕಾರಿಗೊಂದು ಗ್ಯಾರೇಜ್ ಇರುವ ಮನೆಗಳು ಸಾವಿರಗಟ್ಟಲೆ ಎದ್ದವು. ಆ ಗ್ಯಾರೇಜೇ ಹವ್ಯಾಸಿಯ ಕಾರ್ಯಾಗಾರವಾಯಿತು. ಅದನ್ನು ತುಂಬಲು ಯಂತ್ರಗಳ ಉದ್ಯಮವೇ ಬೆಳೆಯಿತು. ಇಂದು ಮರಗೆಲಸ ಎಂದೊಡನೆ ಕಣ್ಣ ಮುಂದೆ ಬರುವುದು ಆ ಗ್ಯಾರೇಜಿನ ಚಿತ್ರ. ಅದನ್ನು 600 ಚದರ ಅಡಿಯ ಮನೆಗೆ ಹೋಲಿಸಿಕೊಂಡು “ನಮ್ಮಲ್ಲಿ ಜಾಗವಿಲ್ಲ” ಎನ್ನುವುದು, ಸಾಗರವನ್ನು ನೋಡಿ ಬಂದವನು ತನ್ನ ಮನೆಯ ಬಾವಿಯಲ್ಲಿ ನೀರಿಲ್ಲ ಎಂದಂತೆ.

ಪಶ್ಚಿಮದಲ್ಲೇ ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಲೋಟಸ್ ಕಾರುಗಳನ್ನು ವಿನ್ಯಾಸಗೊಳಿಸುತ್ತಿದ್ದ ರಾನ್ ಹಿಕ್ಮನ್ 1960ರ ದಶಕದ ಆರಂಭದಲ್ಲಿ ಮನೆಯಲ್ಲಿ ಒಂದು ಬಟ್ಟೆಯ ಬೀರು ಮಾಡಲು ಹೊರಟರು. ಹಲಗೆಗೆ ಆಸರೆಯಾಗಿ ಒಳ್ಳೆಯ ಕುರ್ಚಿಯೊಂದನ್ನು ಬಳಸಿ, ಹಲಗೆಯ ಜೊತೆಗೆ ಕುರ್ಚಿಯನ್ನೂ ಕೊಯ್ದುಬಿಟ್ಟರು. ಆ ನಷ್ಟದಿಂದ ಹುಟ್ಟಿದ್ದು ಮಡಚಿಡಬಹುದಾದ ಮೇಜು. ಅದರ ಮೇಲ್ಮೈಯ ಎರಡು ಹಲಗೆಗಳೇ ಹತ್ತಿರ ಸರಿದು ಇಕ್ಕಳದಂತೆ ಕೆಲಸದ ತುಂಡನ್ನು ಹಿಡಿಯುತ್ತಿದ್ದವು. ಇದಕ್ಕೆ ಮಾರುಕಟ್ಟೆಯಿಲ್ಲವೆಂದು ಹಲವು ಕಂಪನಿಗಳು ತಿರಸ್ಕರಿಸಿದವು. ಹಿಕ್ಮನ್ ತಾವೇ ತಯಾರಿಸಿ ಮಾರಿದರು. 1970ರ ದಶಕದ ಮೊದಲ ವರ್ಷಗಳಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ‘ವರ್ಕ್‌ಮೇಟ್’ ಎಂಬ ಹೆಸರಿನಲ್ಲಿ ಅದನ್ನು ಕೈಗೆತ್ತಿಕೊಂಡ ಮೇಲೆ ಅದು ಕೋಟಿಗಟ್ಟಲೆ ಮಾರಾಟವಾಯಿತು. ಸಣ್ಣ ಮನೆಯ ಹವ್ಯಾಸಿಗಳು ಎಷ್ಟು ಮಂದಿ ಕಾದಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಜಗಲಿ, ಹಿತ್ತಲು, ಅಟ್ಟ

ಕನ್ನಡ ನಾಡಿನ ಮನೆಗೆ ಮರಳೋಣ. ಹಳೆಯ ಮನೆಗಳೇನೂ ಅರಮನೆಗಳಾಗಿರಲಿಲ್ಲ. ಆದರೆ ಬಡ ಮನೆಯಲ್ಲೂ ಮೂರು ಜಾಗಗಳಿರುತ್ತಿದ್ದವು. ಮುಂದೆ ಜಗಲಿ, ಹಿಂದೆ ಹಿತ್ತಲು, ಮೇಲೆ ಅಟ್ಟ. ಜಗಲಿಯಲ್ಲಿ ಬೆಳಕಿತ್ತು, ದಾರಿಹೋಕರ ಮಾತಿತ್ತು. ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಕುಡುಗೋಲಿಗೆ ಹಿಡಿ ಹಾಕುವುದು ಅಲ್ಲಿ ನಡೆಯುತ್ತಿತ್ತು. ಕಸ, ಹೊಟ್ಟು, ಸದ್ದಿನ ಕೆಲಸಗಳು ಹಿತ್ತಲಿಗೆ. ಹಲಗೆ, ತೊಲೆ, ಮುಂದೆಂದೋ ಬೇಕಾಗುವ ತುಂಡು ಮರ ಅಟ್ಟಕ್ಕೆ. ಅಡುಗೆಮನೆಯ ಹೊಗೆ ತಾಕುವ ಅಟ್ಟದಲ್ಲಿ ಮರ ನಿಧಾನವಾಗಿ ಒಣಗುತ್ತಿತ್ತು. ಉಳಿದ ಹೊಟ್ಟು ಬಚ್ಚಲಿನ ಒಲೆಗೆ ಹೋಗಿ ಸ್ನಾನಕ್ಕೆ ನೀರು ಕಾಯಿಸುತ್ತಿತ್ತು. ಕೆಲಸದ ಕಸಕ್ಕೂ ಮನೆಯಲ್ಲಿ ಒಂದು ಉಪಯೋಗವಿತ್ತು.

ಚನ್ನಪಟ್ಟಣದ ಬೊಂಬೆಗಳು ಹುಟ್ಟಿದ್ದು ಇಂಥ ವ್ಯವಸ್ಥೆಯಲ್ಲೇ. ಒಂದು ಲೇತ್, ಅದರ ಮುಂದೆ ಕೂರುವ ಒಬ್ಬ ಮನುಷ್ಯ, ಪಕ್ಕದಲ್ಲಿ ಹಾಲೆ ಮರದ ತುಂಡುಗಳು. ಮನೆಯ ಒಂದು ಭಾಗವೇ ಇದಕ್ಕೆ ಸಾಕು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಒಣ ಎಲೆಯಿಂದ ಒತ್ತಿದರೆ ಹೊಳಪು ಬರುತ್ತದೆ. ಬಣ್ಣ ಒಣಗಿಸಲು ಬೇರೆ ಕೋಣೆ ಬೇಡ, ದಿನಗಟ್ಟಲೆ ಕಾಯುವುದೂ ಬೇಡ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಮನೆಗಳಲ್ಲೂ ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಬಣ್ಣ ಹಾಕುವ ಕೆಲಸದಲ್ಲಿ ಮನೆಮಂದಿಯೆಲ್ಲ ಪಾಲುಗೊಳ್ಳುತ್ತಾರೆ. ಜಾಗ ಕಡಿಮೆಯಿದ್ದದ್ದರಿಂದಲೇ ಜಾಗಕ್ಕೆ ಹೊಂದುವ ಕಸುಬು ರೂಪುಗೊಂಡಿದೆ ಎನ್ನಬಹುದು.

ಇಂದಿನ ಮನೆಯಲ್ಲಿ ಕಳೆದುಹೋಗಿರುವುದು ಚದರ ಅಡಿಗಳಿಗಿಂತ ಹೆಚ್ಚಾಗಿ ಈ ಮೂರು ನಡುವಣ ಜಾಗಗಳು. ಒಳಗೂ ಅಲ್ಲದ, ಹೊರಗೂ ಅಲ್ಲದ, ಸ್ವಲ್ಪ ಕೊಳೆಯಾದರೂ ಯಾರೂ ಬೇಸರಿಸದ ಜಾಗ ಈಗಿಲ್ಲ. ಹಾಗಾಗಿ ಹವ್ಯಾಸಿ ಮಾಡಬೇಕಾದ್ದು ಹೊಸ ಕೋಣೆಯನ್ನು ಹುಡುಕುವುದಲ್ಲ. ಜಗಲಿ, ಹಿತ್ತಲು, ಅಟ್ಟಗಳು ಈಗ ಯಾವ ರೂಪದಲ್ಲಿವೆ ಎಂದು ಗುರುತಿಸುವುದು. ಬಾಲ್ಕನಿ ಜಗಲಿಯಾಗಬಲ್ಲದು. ಪಾತ್ರೆ ತೊಳೆಯುವ ಯುಟಿಲಿಟಿ ಜಾಗ ಹಿತ್ತಲಾಗಬಲ್ಲದು. ಉಳಿ ಮಸೆಯುವ ಸಾಣೆಕಲ್ಲಿಗೆ ನೀರು ಹತ್ತಿರ ಸಿಗುವುದೂ ಅಲ್ಲಿಯೇ. ಮಂಚದ ಕೆಳಗಿನ ಜಾಗ ಮತ್ತು ಸಜ್ಜಾ ಅಟ್ಟವಾಗಬಲ್ಲವು. ಹಲಗೆಗಳನ್ನು ಬಚ್ಚಲ ಗೋಡೆಗೆ ಒರಗಿಸಿಡಬಾರದು, ಅಷ್ಟೆ. ಗೋಡೆಯ ತೇವ ಮರವನ್ನು ಡೊಂಕು ಮಾಡುತ್ತದೆ.

ಚಾಪೆಯ ಲೆಕ್ಕ

ಕೆಲಸಕ್ಕೆ ನಿಜವಾಗಿ ಎಷ್ಟು ಜಾಗ ಬೇಕು? ಕಾಲು ಚಾಚಿ ಕೂತು ಎರಡು ಅಡಿ ಉದ್ದದ ಹಲಗೆಗೆ ಹತ್ತರಿ ಹೊಡೆಯಲು 6 ಅಡಿ ಉದ್ದ, 3 ಅಡಿ ಅಗಲ ಸಾಕು. ಒಂದು ಚಾಪೆಯ ಅಳತೆ ಅದು. 18 ಚದರ ಅಡಿ. 600 ಚದರ ಅಡಿಯಲ್ಲಿ ಇದು ನೂರಕ್ಕೆ ಮೂರು ಪಾಲು, ಅದೂ ವಾರಕ್ಕೆ ಕೆಲವು ಗಂಟೆಗಳ ಕಾಲ ಮಾತ್ರ. ಹಳೆಯ ಜಮಖಾನೆಯನ್ನೋ ದಪ್ಪ ಗೋಣಿಯನ್ನೋ ಹಾಸಿದರೆ ನೆಲಕ್ಕೆ ಗೀರು ಬೀಳುವುದಿಲ್ಲ, ಸದ್ದೂ ಕೆಳಗಿನ ಮನೆಗೆ ಅಷ್ಟಾಗಿ ಇಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದೆತ್ತಿದರೆ ಹೊಟ್ಟೆಲ್ಲ ಒಟ್ಟಿಗೆ ಹೊರಗೆ.

ನೆಲದ ಮೇಲೆ ಕೂರಲಾಗದವರಿಗೆ ರೋಮನ್ನರ ಉಪಾಯವಿದೆ. ಒಂದೂವರೆ ಅಡಿ ಎತ್ತರದ ಗಟ್ಟಿಮುಟ್ಟಾದ ಒಂದು ಬೆಂಚು, ಅದರ ತುದಿಯಲ್ಲಿ ಹಲಗೆಯನ್ನು ತಡೆಯಲು ಒಂದು ಪಟ್ಟಿ. ಕೆಲಸದ ಹೊತ್ತಿನಲ್ಲಿ ಅದು ಮೇಜು. ನೆಂಟರು ಬಂದಾಗ ಹಾಲಿನಲ್ಲಿ ಆಸನ.

ಹತಾರಗಳ ಪಟ್ಟಿಯೂ ಉದ್ದವಿಲ್ಲ. ಒಂದು ಸಣ್ಣ ಗರಗಸ, ಅರ್ಧ ಅಂಗುಲ ಮತ್ತು ಒಂದು ಅಂಗುಲದ ಎರಡು ಉಳಿ, ಒಂದು ಸಣ್ಣ ಹತ್ತರಿ, ಕೊಡತಿ, ಮೂಲೆಮಟ್ಟ, ಅಳತೆಪಟ್ಟಿ, ಗೆರೆ ಎಳೆಯಲು ಚೂಪಾದ ಚಾಕು, ಎರಡು ಕ್ಲ್ಯಾಂಪು, ಸಾಣೆಕಲ್ಲು. ಎರಡು ಅಡಿ ಉದ್ದದ ಪೆಟ್ಟಿಗೆಯಲ್ಲಿ ಇವೆಲ್ಲ ಹಿಡಿಸಿ ಮಂಚದ ಕೆಳಗೆ ಸರಿಯುತ್ತವೆ. ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಸಾಣೆಕಲ್ಲು. ಮೊಂಡು ಉಳಿಗೆ ಜೋರಾಗಿ ಹೊಡೆಯಬೇಕು. ಜೋರಾಗಿ ಹೊಡೆಯಲು ಭಾರದ ಆಸರೆ ಬೇಕು, ಸದ್ದೂ ಹೆಚ್ಚು. ಹರಿತವಾದ ಉಳಿ ಅಂಗೈಯ ಒತ್ತಡಕ್ಕೇ ಮೆದು ಮರವನ್ನು ಕತ್ತರಿಸುತ್ತದೆ. ಮಸೆಯಲು ಕಲಿತವನಿಗೆ ಅರ್ಧ ಕಾರ್ಯಾಗಾರ ದಕ್ಕಿದಂತೆಯೇ ಸರಿ.

ಧೂಳು, ಸದ್ದು, ಮಳೆ

ಇಷ್ಟು ಹೇಳಿದ ಮೇಲೆ ತೊಂದರೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ಧೂಳು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. ಇದು ಬಹುವಾಗಿ ವರ್ಷಗಟ್ಟಲೆ ಧೂಳಿನಲ್ಲೇ ದುಡಿಯುವವರ ಸಂಗತಿಯಾದರೂ, ಮಲಗುವ ಕೋಣೆಯಲ್ಲೇ ವಿದ್ಯುತ್ ಯಂತ್ರದಿಂದ ಮರ ಉಜ್ಜುವುದು ಜಾಣತನವಲ್ಲ. ಅಪಾಯ ಹೆಚ್ಚಿರುವುದು ಕಣ್ಣಿಗೆ ಕಾಣದ ನುಣುಪು ಧೂಳಿನಲ್ಲಿ. ಹತ್ತರಿಯಿಂದ ಬರುವುದು ಧೂಳಲ್ಲ, ಸುರುಳಿ. ಉಪ್ಪುಕಾಗದದ ಬದಲು ಒಡೆದ ಗಾಜಿನ ಅಂಚಿನಿಂದ ಹೆರೆದು ನಯಗೊಳಿಸುವ ನಮ್ಮ ಬಡಗಿಗಳ ಹಳೆಯ ಕ್ರಮ ಈ ದೃಷ್ಟಿಯಿಂದಲೂ ಒಳ್ಳೆಯದು. ಬೆರಳು ಮಾತ್ರ ಜೋಪಾನ. ಉಪ್ಪುಕಾಗದ ಅನಿವಾರ್ಯವಾದಾಗ ಬಾಲ್ಕನಿ ಮತ್ತು ಮುಖಕ್ಕೆ ಸರಿಯಾದ ಮಾಸ್ಕ್ ಬೇಕು.

ಎರಡನೆಯದು ಸದ್ದು. ಗರಗಸದ ಸದ್ದನ್ನು ನೆರೆಯವರು ಸಹಿಸಿಯಾರು. ಕೊಡತಿಯ ಪೆಟ್ಟು ಕಾಂಕ್ರೀಟಿನಲ್ಲಿ ನಾಲ್ಕು ಮಹಡಿ ಇಳಿಯುತ್ತದೆ. ಪೆಟ್ಟಿನ ಕೆಲಸವನ್ನೆಲ್ಲ ಭಾನುವಾರ ಬೆಳಿಗ್ಗೆ ಹತ್ತರ ನಂತರ ಒಂದು ಗಂಟೆಯಲ್ಲಿ ಮುಗಿಸಿ, ಅಳತೆ, ಗೆರೆ, ಹೆರೆಯುವುದು, ಅಂಟಿಸುವುದನ್ನು ಸಂಜೆಗಿಟ್ಟುಕೊಂಡರೆ ಜಗಳವಿಲ್ಲ. ಮೊದಲೇ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು.

ಮೂರನೆಯದು ಮಳೆಗಾಲ. ಮರ ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲಿನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಜುಲೈನಲ್ಲಿ ತೆರೆಯದಿರುವುದು ಇದರಿಂದಲೇ. ಹಳೆಯ ಬಾಗಿಲುಗಳನ್ನು ಗಮನಿಸಿ: ನಡುವಿನ ಹಲಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿರುವುದಿಲ್ಲ, ಗಾಡಿಯಲ್ಲಿ ಸಡಿಲವಾಗಿ ಬಿಟ್ಟಿರುತ್ತಾರೆ. ಹಿಗ್ಗಲು ಜಾಗವಿರಲೆಂದೇ ಆ ಏರ್ಪಾಟು.

ಜಾಗ ಯಾರದು?

ಸಣ್ಣ ಮನೆಯಲ್ಲಿ ಖಾಲಿ ಜಾಗ ಎಂಬುದಿಲ್ಲ. ಒಬ್ಬರು ಹಿಡಿದ ಪ್ರತಿ ಅಡಿಯೂ ಇನ್ನೊಬ್ಬರು ಬಿಟ್ಟುಕೊಟ್ಟ ಅಡಿ. ಮನೆಯ ಯಜಮಾನರ ಹವ್ಯಾಸಕ್ಕೆ ಹಾಲ್ ಸಿಗುತ್ತದೆ, ಹೊಟ್ಟು ಗುಡಿಸುವ ಕೆಲಸ ಮಾತ್ರ ಮನೆಯಾಕೆಗೆ ಬರುತ್ತದೆ ಎಂದಾದರೆ ಆ ಹವ್ಯಾಸ ಹೆಚ್ಚು ದಿನ ಬಾಳುವುದಿಲ್ಲ; ಬಾಳಬೇಕಾದ್ದೂ ಇಲ್ಲ. ಈ ವಿಷಯದಲ್ಲಿ ಹವ್ಯಾಸಿ ಬಡಗಿಗೆ ಗುರುವಾಗಬೇಕಾದದ್ದು ಮನೆಯ ಹೊಲಿಗೆ ಯಂತ್ರ. ಕಬ್ಬಿಣದ ಒಂದು ಯಂತ್ರವನ್ನು ಕೋಣೆಯ ಮೂಲೆಯಲ್ಲಿಟ್ಟುಕೊಂಡು, ಅಡುಗೆಗೂ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೂ ನಡುವೆ ಸಿಕ್ಕ ಬಿಡುವಿನಲ್ಲಿ ಹೊಲಿದು, ಮುಚ್ಚಳ ಹಾಕಿ, ಅದರ ಮೇಲೆ ಹೂದಾನಿ ಇಟ್ಟ ಹೆಣ್ಣುಮಕ್ಕಳು ಸಣ್ಣ ಮನೆಯಲ್ಲಿ ಕಾರ್ಯಾಗಾರ ನಡೆಸುವುದು ಹೇಗೆಂದು ಎಂದೋ ತೋರಿಸಿಕೊಟ್ಟಿದ್ದಾರೆ. ಅದನ್ನು ಯಾರೂ ಹವ್ಯಾಸವೆಂದು ಕರೆಯಲಿಲ್ಲ, ಅಷ್ಟೆ. ಉಳಿ ಹಿಡಿಯುವ ಆಸೆ ಅವರಿಗೂ ಇರಬಹುದೆಂಬುದನ್ನೂ ಮರೆಯಬಾರದು.

ಇನ್ನೊಂದು ಬಗೆಯ ಜಾಗವೂ ಇದೆ. ಬಡಗಿ ಕೆಲಸ ಈ ನೆಲದಲ್ಲಿ ಬಹುಕಾಲ ಹುಟ್ಟಿನಿಂದ ಬಂದ ಕಸುಬಾಗಿತ್ತು. ಉಳಿ ಹಿಡಿದವರಿಗೆ ಗೌರವ ಕಡಿಮೆ, ಲೇಖನಿ ಹಿಡಿದವರಿಗೆ ಹೆಚ್ಚು ಎಂಬ ಭಾವನೆ ಅದರ ಜೊತೆಗೇ ಬೆಳೆಯಿತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ ಕೈಕಸುಬನ್ನು ಓದಿನ ಕೇಂದ್ರದಲ್ಲಿಟ್ಟದ್ದು ಈ ಗೋಡೆಯನ್ನು ಒಡೆಯಲೆಂದೇ. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಶಿಫಾರಸಿನ ನಂತರ ಉತ್ಪಾದಕ ಕೆಲಸ ಶಾಲೆಯ ವೇಳಾಪಟ್ಟಿಗೆ ಬಂದರೂ ಅನೇಕ ಕಡೆ ಅದು ಆಟದ ಪೀರಿಯಡ್ಡಾಗಿ ಕರಗಿತು. ಆದ್ದರಿಂದ ಅಕೌಂಟೆಂಟೊಬ್ಬರು ಅಥವಾ ಕಾಲೇಜು ಹುಡುಗಿಯೊಬ್ಬಳು ಉಳಿ ಹಿಡಿದರೆ ಅದು ಬರೀ ಕಾಲಹರಣವಲ್ಲ. ಒಂದು ಕಚ್ಚು ಸರಿಯಾಗಿ ಕೂರಲು ಎಷ್ಟು ತಾಳ್ಮೆ ಬೇಕೆಂದು ಒಮ್ಮೆ ಕೈಯಾರೆ ತಿಳಿದವರು ಆಚಾರಿಗಳ ಕೂಲಿಯಲ್ಲಿ ಚೌಕಾಸಿ ಮಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಅಜ್ಜನ ಕಾಲದ ಬೀಟೆ ಕುರ್ಚಿಯ ಕಾಲು ಸಡಿಲವಾಯಿತೆಂದು ಅದನ್ನು ಗುಜರಿಗೆ ಹಾಕಿ, ನೀರು ತಾಕಿದರೆ ಉಬ್ಬುವ ಪಾರ್ಟಿಕಲ್ ಬೋರ್ಡಿನ ಕುರ್ಚಿ ತರುವುದಿಲ್ಲ.

ಮನೆಯೊಳಗೆ ಹೇಗೂ ಸಾಧ್ಯವಿಲ್ಲ ಎನ್ನುವವರಿಗೆ ಕೊನೆಯ ದಾರಿ ಹಂಚಿಕೊಳ್ಳುವುದು. ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ನಿವೃತ್ತ ಗಂಡಸರು ಒಂದೆಡೆ ಸೇರಿ ಮರಗೆಲಸ ಮಾಡುವ ‘ಮೆನ್ಸ್ ಶೆಡ್’ಗಳು ಆರಂಭವಾದವು. ಒಂಟಿತನಕ್ಕೂ ಅದು ಮದ್ದಾಯಿತು. ಬ್ರಿಟನ್, ಐರ್ಲೆಂಡಿಗೂ ಹಬ್ಬಿತು. ಟೇಬಲ್ ಟೆನಿಸ್‌ಗೆ ಕೋಣೆ ಇಟ್ಟಿರುವ ಅಪಾರ್ಟ್‌ಮೆಂಟ್ ಸಂಘಗಳು, ದಿನದ ಬಹುಪಾಲು ಬೀಗ ಹಾಕಿರುವ ಸಮುದಾಯ ಭವನಗಳು ಒಂದು ಮೂಲೆಯನ್ನು ಹತಾರಗಳಿಗೆ ಕೊಡಬಹುದು. ವಾರಕ್ಕೊಮ್ಮೆ ಊರಿನ ಹಿರಿಯ ಆಚಾರಿಯೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ ಕಲಿಯಬಹುದು. ಅವರ ವಿದ್ಯೆಗೂ ಅದರಿಂದ ಕೆಲವು ಹೊಸ ಕೈಗಳು ಸಿಗುತ್ತವೆ.

ಮೊದಲು ಏನು ಮಾಡಬೇಕು ಎಂದು ಕೇಳುವವರಿಗೆ ಒಂದು ಮಣೆ ಸಾಕು. ಒಂದೂವರೆ ಅಡಿಯ ಹಲಗೆ, ಕೆಳಗೆ ಎರಡು ಪಟ್ಟಿ. ಹಲಸಿನ ಮರವಾದರೆ ಚೆಂದ. ಸಿಗದಿದ್ದರೆ ಸಿಲ್ವರ್ ಓಕ್, ಅದೂ ಇಲ್ಲದಿದ್ದರೆ ಯಾವುದೋ ಯಂತ್ರ ಬಂದ ಪೆಟ್ಟಿಗೆಯ ಪೈನ್ ಹಲಗೆ. ಅಳೆಯುವುದು, ಕೊಯ್ಯುವುದು, ಹತ್ತರಿ ಹೊಡೆಯುವುದು, ಪಟ್ಟಿ ಕೂರಲು ಕಚ್ಚು ತೋಡುವುದು, ಅಂಚು ಮುರಿದು ಎಣ್ಣೆ ಹಚ್ಚುವುದು. ಮರಗೆಲಸದ ಮೊದಲ ಪಾಠಗಳೆಲ್ಲ ಅದರಲ್ಲಿವೆ. ಎರಡು ಭಾನುವಾರದ ಕೆಲಸ. ಆಮೇಲೆ ಅದರ ಮೇಲೆ ಕೂತು ಊಟ ಮಾಡಬಹುದು, ಅದರ ಮೇಲೆ ಕೂತೇ ಮುಂದಿನ ಕೆಲಸ ಶುರು ಮಾಡಬಹುದು.